ಮಣ್ಣು ವಾಸನೆ ತಿನ್ನುವ ಬ್ಯಾಕ್ಟೀರಿಯಾ

ಕೇಳುಗರೇ, ನಮಸ್ಕಾರ.

ನಲ್ಲಿ ನೀರು ಕೆಲವು ಸಲ ಕೆಸರಿನ ವಾಸನೆ ಹೊಡೆಯುತ್ತದೆ, ಅಲ್ವಾ? ನೋಡಿದರೆ ನೀರು ತಿಳಿಯಾಗಿಯೇ ಇರುತ್ತದೆ. ಬಿಸಿ ಮಾಡಿದರೆ ವಾಸನೆ ಇನ್ನೂ ಜಾಸ್ತಿ ಮೂಗಿಗೆ ಬಡಿಯುತ್ತದೆ. ಆಗ ಎಲ್ಲರದೂ ಒಂದೇ ಮಾತು: ‘ಕ್ಲೋರಿನ್ ಜಾಸ್ತಿ ಹಾಕಿ ಸಾರ್!’ ದಯವಿಟ್ಟು ಹಾಗೆ ಕೇಳಬೇಡಿ. ಈ ವಾಸನೆ ಕ್ಲೋರಿನ್ನಿಗೆ ಜಗ್ಗುವುದಿಲ್ಲ.

ಈ ವಾಸನೆ ಕೊಡುವ ವಸ್ತುವಿನ ಹೆಸರು ಜಿಯೋಸ್ಮಿನ್. ಮೊದಲ ಮಳೆಗೆ ನೆಲದಿಂದ ಏಳುವ ಘಮ ಇದರದ್ದೇ. ಕೆರೆ, ಜಲಾಶಯಗಳಲ್ಲಿ ನೀಲಿ-ಹಸಿರು ಪಾಚಿ ಇದನ್ನು ತಯಾರಿಸುತ್ತದೆ. 10 ಕೋಟಿ ಲೀಟರ್ ನೀರಿಗೆ 1 ಗ್ರಾಂ ಬೆರೆತರೂ ನಮ್ಮ ಮೂಗು ಹಿಡಿದುಬಿಡುತ್ತದೆ. ಅಷ್ಟರಿಂದ ಅಪಾಯವೇನಿಲ್ಲ. ಆದರೆ ಮೂಗು ಮುಚ್ಚಿಕೊಂಡು ನೀರು ಕುಡಿಯೋರು ಯಾರು?

ಇದನ್ನು ತಿನ್ನುವ ಬ್ಯಾಕ್ಟೀರಿಯಾ ಇವೆ. ಅವನ್ನು ಫಿಲ್ಟರಿನಲ್ಲಿ ಸಾಕಬೇಕು. ನಾನು ಹೇಳಲು ಬಂದದ್ದು ಇಷ್ಟೇ.

ಜಪಾನಿನ ಬಿವಾ ಸರೋವರದ ಕಥೆ ನನಗೆ ಬಲು ಇಷ್ಟ. ಕ್ಯೋಟೊ ನಗರಕ್ಕೆ ಅಲ್ಲಿಂದಲೇ ನೀರು. 1969ರಲ್ಲಿ ಅಲ್ಲಿನ ನಲ್ಲಿಗಳಲ್ಲಿ ಬೂಷ್ಟು ವಾಸನೆ ಶುರುವಾಯಿತು. 1977ರಲ್ಲಂತೂ ಇನ್ನೊಂದು ಬಗೆಯ ಪಾಚಿ ಹಬ್ಬಿ ಸರೋವರದ ನೀರೇ ಕೆಂಪಾಯಿತು. ಬಟ್ಟೆ ಒಗೆಯುವ ಪುಡಿಯ ರಂಜಕವೂ (ಫಾಸ್ಫರಸ್) ಪಾಚಿಗೆ ಗೊಬ್ಬರ ಅಂತ ಗೊತ್ತಾದಾಗ, ಸುತ್ತಲಿನ ಹೆಂಗಸರು ಸುಮ್ನೆ ಕೂರಲಿಲ್ಲ. ಆ ಪುಡಿ ಬಿಟ್ಟರು, ಸೋಪಿಗೆ ಮರಳಿದರು. ಕರಿದು ಮಿಕ್ಕ ಎಣ್ಣೆ ಕೂಡಿಸಿ ಅದರಿಂದಲೂ ಸೋಪು ಮಾಡಿಸಿದರು. ಕೊನೆಗೆ ಅಲ್ಲಿನ ಸರ್ಕಾರ ರಂಜಕವಿರುವ ಪುಡಿಯನ್ನೇ ನಿಷೇಧಿಸಿತು. ಎಂಥಾ ಹೆಂಗಸರು ನೋಡಿ!

ಆದರೂ ವಾಸನೆ ಪೂರ್ತಿ ಹೋಗಲಿಲ್ಲ. ಸರೋವರದಿಂದ ಹೊರಟ ನದಿಯ ನೀರನ್ನೇ ಒಸಾಕಾ ನಗರವೂ ಕುಡಿಯುತ್ತದೆ. ಅಲ್ಲಿ ನೀರಿಗೆ ಓಝೋನ್ ಅನಿಲ ಹಾಯಿಸಿ, ಆಮೇಲೆ ಇದ್ದಿಲಿನ ಕಾಳುಗಳ ಮೂಲಕ ಸೋಸತೊಡಗಿದರು. 2000ದ ಹೊತ್ತಿಗೆ ನಗರದ ಅಷ್ಟೂ ನೀರು ಹೀಗೇ ಸೋಸಿ ಬರುತ್ತಿತ್ತು. ಕಾಳಿನ ಮೇಲೆ ಬ್ಯಾಕ್ಟೀರಿಯಾ ಲೋಳೆಯಾಗಿ ಅಂಟಿಕೊಂಡು, ಓಝೋನ್ ಮುರಿದುಹಾಕಿದ ಚೂರುಗಳನ್ನು ತಿನ್ನುತ್ತವೆ. ಮುಂದೆ ಆ ನಗರ ತನ್ನ ನಲ್ಲಿ ನೀರನ್ನೇ ಬಾಟಲಿಗೆ ತುಂಬಿ ಮಾರಿತು!

ಅಯ್ಯೋ, ಸಮಯ ಆಗೇ ಹೋಯಿತು. ನೀರುಗಂಟಿಗಳೇ, ಎಂಜಿನಿಯರುಗಳೇ, ಬೇಗ ಹೇಳಿಬಿಡುತ್ತೇನೆ. ಓಝೋನಿಗೆ ದುಡ್ಡಿಲ್ಲವೇ? ನಿಧಾನ ಮರಳು ಫಿಲ್ಟರ್ ಇದೆ. ಲಂಡನ್ನಿನಲ್ಲಿ 1829ರಲ್ಲೇ ಕಟ್ಟಿದ್ದರು. ಅಲ್ಲೂ ಕೆಲಸ ಮಾಡುವುದು ಮರಳಿನ ಮೇಲಿನ ಲೋಳೆಯೇ. ಹೊಸ ಫಿಲ್ಟರಿನಲ್ಲಿ ಅದು ಬೆಳೆಯಲು ವಾರಗಳು ಬೇಕು, ತಾಳ್ಮೆ ಇರಲಿ. ಫಿಲ್ಟರ್ ಕಟ್ಟಿಕೊಂಡು ನೀರು ಇಳಿಯದಿದ್ದರೆ ಮೇಲಿನ ಒಂದೆರಡು ಸೆಂಟಿಮೀಟರ್ ಮರಳು ಮಾತ್ರ ಕೆರೆದು ತೆಗೆಯಿರಿ.

ಕ್ಲೋರಿನ್ ಬೇಕೇ ಬೇಕು, ರೋಗಾಣು ಸಾಯಬೇಕಲ್ಲ. ಆದರೆ ಫಿಲ್ಟರ್ ದಾಟಿದ ಮೇಲೆ. ಮೊದಲೇ ಸುರಿದರೆ ಪಾಚಿ ಒಡೆದು ವಾಸನೆ ಇನ್ನಷ್ಟು ಬಿಡುತ್ತದೆ, ನೀವು ಸಾಕಿದ ಬ್ಯಾಕ್ಟೀರಿಯಾವೂ ಸಾಯುತ್ತವೆ. ಮೊದಲು ಫಿಲ್ಟರ್, ಆಮೇಲೆ ಕ್ಲೋರಿನ್. ಬೇಕಾದರೆ ಪಂಪ್‌ಹೌಸ್ ಗೋಡೆ ಮೇಲೆ ಬರೆದಿಡಿ.

ನಮಸ್ಕಾರ.