ಟ್ರಸ್ಟಿಗಳೇ, ದೇಣಿಗೆ ಕೇಳೋದು ಕಾರ್ಯದರ್ಶಿ ಒಬ್ಬರ ಕೆಲಸವಲ್ಲ

ನಮಸ್ಕಾರ. ಕೋಲಾರ ಜಿಲ್ಲೆಯ ಸಣ್ಣ ಟ್ರಸ್ಟುಗಳ ಸಭೆಯ ನೋಟೀಸು ತೆಗೆದು ನೋಡಿ. ದೇಣಿಗೆ ವಿಷಯ ಎಲ್ಲಿರುತ್ತೆ? ಕಟ್ಟಕಡೆಗೆ, 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು' ಅನ್ನೋದರೊಳಗೆ. ಅಷ್ಟೊತ್ತಿಗೆ ಕಾಫಿ ಮುಗಿದು ಇಬ್ಬರು ಎದ್ದಿರ್ತಾರೆ. 'ಕಾರ್ಯದರ್ಶಿಗಳು ನೋಡ್ಕೋತಾರೆ ಬಿಡಿ' ಅಂತ ಸಭೆ ಬರಖಾಸ್ತು.

ಕಾರ್ಯದರ್ಶಿ ಮನವಿ ಪತ್ರ ಬರೀತಾರೆ, ಲೆಕ್ಕ ಇಡ್ತಾರೆ. ಆದರೆ ಎಪಿಎಂಸಿ ಟೊಮೆಟೊ ಮಂಡಿ ಮಾಲೀಕರು ಕೂತು ಮಾತಾಡೋದು ತಮಗೆ ಗೊತ್ತಿರೋ ಟ್ರಸ್ಟಿ ಜೊತೆ. ಆ ಟ್ರಸ್ಟಿ ಮೊದಲು ತಾನು ಕೊಟ್ಟಿರಬೇಕು, ಸಾವಿರ ರೂಪಾಯಿಯೇ ಆಗಲಿ. 'ನೀವೆಷ್ಟು ಕೊಟ್ರಿ ಸ್ವಾಮಿ?' ಅಂತ ಕೇಳೇ ಕೇಳ್ತಾರೆ.

ಒಬ್ಬೊಬ್ಬ ಟ್ರಸ್ಟಿ ಐದೈದು ಹೆಸರು ಬರೆದುಕೊಡಲಿ. ಪಟ್ಟಿಗಳನ್ನ ಸೇರಿಸಿದ್ರೆ ಒಂದೇ ಹೆಸರು ಎರಡು ಮೂರು ಕಡೆ ಸಿಗುತ್ತೆ. ಯಾರು ಹೋಗ್ಬೇಕು ಅಂತ ಅಲ್ಲೇ ತೀರ್ಮಾನಿಸಿ, ಇಲ್ಲಾಂದ್ರೆ ಒಂದೇ ಬಾಗಿಲಿಗೆ ಒಂದೇ ವಾರ ಮೂವರು ಹೋಗಿ ನಿಲ್ತಾರೆ. ಹರಾಜಿನ ಹೊತ್ತಲ್ಲಂತೂ ಹೋಗಲೇಬೇಡಿ. ಇಬ್ಬರು ಹೋಗಿ: ಪರಿಚಯದ ಟ್ರಸ್ಟಿ ಒಬ್ಬರು, ಕೆಲಸ ಗೊತ್ತಿರೋರು ಒಬ್ಬರು. 'ಏನಾದ್ರೂ ಸಹಾಯ ಮಾಡಿ' ಅಂದ್ರೆ ಐನೂರು ಬರುತ್ತೆ. '40 ಮಕ್ಕಳ ಕನ್ನಡಕಕ್ಕೆ 20,000 ಬೇಕು' ಅನ್ನಿ. ಅಂದಮೇಲೆ ಬಾಯಿ ಮುಚ್ಚಿಕೊಂಡಿರಿ. ಎಷ್ಟೋ ಸಲ ಅವರು ಯೋಚಿಸ್ತಾ ಇರುವಾಗಲೇ ನಮ್ಮೋರು 'ಕಮ್ಮಿ ಆದ್ರೂ ಪರವಾಗಿಲ್ಲ' ಅಂದುಬಿಡ್ತಾರೆ. ಅಲ್ಲಿಗೆ ಅರ್ಧ ಹೋಯ್ತು.

ತೆರಿಗೆ ಉಳಿತಾಯದ ಆಸೆ ಮೊದಲೇ ತೋರಿಸಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಇರೋರಿಗೆ 80ಜಿ ವಿನಾಯಿತಿ (ದೇಣಿಗೆ ಕೊಟ್ಟೋರಿಗೆ ಸಿಗೋ ತೆರಿಗೆ ರಿಯಾಯಿತಿ) ಇಲ್ಲ. ಹಳೆಯದರಲ್ಲಿ ಇರೋರಿಗೂ 2,000 ರೂಪಾಯಿ ಮೀರಿದ ನಗದಿಗೆ ಸಿಗಲ್ಲ. ಮಂಡಿಯೋರು ನೋಟು ಎಣಿಸೋಕೆ ಶುರು ಮಾಡಿದಾಗಲೇ ಇದನ್ನ ಹೇಳಿ, ಚೆಕ್ ಅಥವಾ ಯುಪಿಐ ಕೇಳಿ, ಪ್ಯಾನ್ ಬರೆದುಕೊಳ್ಳಿ.

ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳ ಸಿಎಸ್‌ಆರ್ ದುಡ್ಡಿನ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡೋ ದುಡ್ಡು) ದಾರಿ ಬೇರೆ. ಕಂಪನಿ ಕಾಯ್ದೆಯ 135ನೇ ಕಲಂ ಸುತ್ತಮುತ್ತಲ ಊರಿಗೆ ಆದ್ಯತೆ ಕೊಡಿ ಅನ್ನುತ್ತೆ, ನಿಜ. ಆದರೆ ನಮ್ಮಂಥ ಸಾರ್ವಜನಿಕ ಟ್ರಸ್ಟಿನ ಹತ್ತಿರ ಸಿಎಸ್‌ಆರ್-1 ನೋಂದಣಿ (ಈ ದುಡ್ಡು ಪಡೆಯೋಕೆ ಸರ್ಕಾರದಲ್ಲಿ ಮಾಡಿಸೋದು), 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡೋ ನೋಂದಣಿ), 80ಜಿ ಮಾನ್ಯತೆ, ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ದಾಖಲೆ ಇರಬೇಕು. ಶಿಫಾರಸು ಎಷ್ಟೇ ದೊಡ್ಡದಿರಲಿ, ಇವಿಲ್ಲದೆ ಆಗಲ್ಲ. 12ಎ, 80ಜಿ ಅವಧಿ ಯಾವಾಗ ಮುಗಿಯುತ್ತೆ ಅಂತ ಪ್ರತಿ ಸಭೆಯಲ್ಲೂ ಕೇಳೋದು ಟ್ರಸ್ಟಿಗಳ ಕೆಲಸ, ಆಡಿಟರ್ ಕೆಲಸ ಅಲ್ಲ.

ದುಡ್ಡು ಬಂದಮೇಲೆ ರಸೀದಿ ಕಚೇರಿಯಿಂದ ಹೋಗಲಿ. ಎರಡು ದಿನದೊಳಗೆ ಫೋನ್ ಮಾತ್ರ ಟ್ರಸ್ಟಿಯೇ ಮಾಡಲಿ. ಆರು ತಿಂಗಳಾದ ಮೇಲೆ ಹೋಗಿ ಕನ್ನಡಕ ಯಾವ ಶಾಲೆಗೆ ಹೋಯ್ತು, ಎಷ್ಟು ಉಳೀತು ಅಂತ ಹೇಳಿ ಬನ್ನಿ. ಅವತ್ತು ಏನೂ ಕೇಳಬೇಡಿ.