ನೀರಿನಲ್ಲಿ ಕರಗುವ ಪಾಲಿಮರ್, ಮಳೆಯಲ್ಲಿ ನಿಲ್ಲಬೇಕಾದ ಸೌರಕೋಶ

[ದೃಶ್ಯ: ಸಿದ್ದಾಪುರದ ಕಡೆಯ ಕಾಫಿ ತೋಟದ ಅಂಚು. ಆನೆ ತಡೆಯುವ ಸೋಲಾರ್ ಬೇಲಿ. ಕಂಬದ ಮೇಲಿನ ಪ್ಯಾನೆಲ್ ಹತ್ತಿರದಿಂದ.]

ನಮಸ್ಕಾರ. ಈ ಪ್ಯಾನೆಲ್‌ನ ಕೆಳಗಿನ ಅಂಚನ್ನು ನೋಡಿ. ಗಾಜು ಮತ್ತು ಅಲ್ಯೂಮಿನಿಯಂ ಚೌಕಟ್ಟಿನ ಸಂದಿಯಲ್ಲಿ ಪಾಚಿ ಕಟ್ಟಿದೆ, ಮೇಲೊಂದು ಸಿಲ್ವರ್ ಓಕ್ ಎಲೆ ಅಂಟಿ ಒಣಗಿದೆ. ಗಾಜು ಹೊದ್ದ ಸಿಲಿಕಾನ್‌ಗೇ ಕೊಡಗಿನ ಮಳೆಗಾಲ ಇಷ್ಟು ಕಾಟ ಕೊಡುತ್ತದೆ. ಹಾಗಿರುವಾಗ ಪ್ಲಾಸ್ಟಿಕ್ ಹಾಳೆಯ ಮೇಲೆ ಶಾಯಿಯಂತೆ ಮುದ್ರಿಸುವ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಸೌರಕೋಶ ಇಲ್ಲಿ ಬಾಳೀತೇ?

[ದೃಶ್ಯ: ನೀಲಿ ಬಣ್ಣದ ತೆಳು ಪದರದ ಅನಿಮೇಷನ್.]

ಪಾಲಿಮರ್‌ನಲ್ಲೂ ವಿದ್ಯುತ್ ಚೆನ್ನಾಗಿ ಹರಿಯಬಲ್ಲದು ಎಂದು 1977ರಲ್ಲಿ ವಿಜ್ಞಾನಿಗಳಾದ ಹೀಗರ್, ಮ್ಯಾಕ್‌ಡಿಯರ್ಮಿಡ್ ಮತ್ತು ಶಿರಕಾವಾ ತೋರಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಸೌರಕೋಶದೊಳಗೆ ನಡೆಯುವುದು ಇಷ್ಟು: ಬೆಳಕು ಬಿದ್ದಾಗ ಪಾಲಿಮರ್‌ನಲ್ಲಿ ಧನ, ಋಣ ಆವೇಶಗಳ ಜೋಡಿ ಹುಟ್ಟುತ್ತದೆ. ಆ ಜೋಡಿ ಸುಮಾರು 10 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ಸಾಗುವಷ್ಟರಲ್ಲಿ ಬೇರ್ಪಡದಿದ್ದರೆ ಅಳಿದುಹೋಗುತ್ತದೆ. ಆದ್ದರಿಂದ ಎಲೆಕ್ಟ್ರಾನ್ ಕೊಡುವ ಪಾಲಿಮರನ್ನೂ ಅದನ್ನು ಪಡೆಯುವ ಅಣುವನ್ನೂ ಅಷ್ಟೇ ನಯವಾಗಿ ಬೆರೆಸಬೇಕು. 2019ರಲ್ಲಿ ವೈ6 ಎಂಬ ಅಣು ಪಿಎಂ6 ಪಾಲಿಮರ್ ಜೊತೆ ಸೇರಿ ದಕ್ಷತೆಯನ್ನು, ಅಂದರೆ ಬಿದ್ದ ಬೆಳಕಿನಲ್ಲಿ ವಿದ್ಯುತ್ ಆಗುವ ಪಾಲನ್ನು, ಶೇ. 15 ದಾಟಿಸಿತು. ಇಂದು ಪ್ರಯೋಗಾಲಯಗಳು ಶೇ. 20ರ ಆಸುಪಾಸಿನಲ್ಲಿವೆ.

ಸುದ್ದಿಯಾಗುವುದು ಈ ಸಂಖ್ಯೆ. ನನಗೆ ಮುಖ್ಯವೆನಿಸುವುದು ದ್ರಾವಕ, ಅಂದರೆ ಪಾಲಿಮರನ್ನು ಕರಗಿಸಿ ಶಾಯಿಯಾಗಿಸುವ ದ್ರವ.

ಹೆಚ್ಚಿನ ದಕ್ಷತೆಯ ಕೋಶಗಳನ್ನು ಬಹುಕಾಲ ಕ್ಲೋರೋಫಾರ್ಮ್, ಕ್ಲೋರೋಬೆಂಜೀನ್‌ನಂಥ ದ್ರಾವಕಗಳಲ್ಲೇ ಮಾಡುತ್ತಿದ್ದರು. ಕ್ಲೋರೋಬೆಂಜೀನ್ ಜಲಚರಗಳಿಗೆ ವಿಷ. ಕಾವೇರಿ ಹುಟ್ಟುವ ನಾಡಿನಲ್ಲಿ ನಿಂತು ಇದನ್ನು ಹಸಿರು ವಿದ್ಯುತ್ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಕ್ಸೈಲೀನ್‌ನಂಥ ಕ್ಲೋರಿನ್ ಇಲ್ಲದ ದ್ರಾವಕ ಒಂದು ಹೆಜ್ಜೆ ಮೇಲು, ಪೂರ್ತಿ ನಿರಪಾಯವಲ್ಲ.

[ದೃಶ್ಯ: ಪಾಲಿಮರ್ ಬೆನ್ನೆಲುಬು, ಅದರಿಂದ ಇಳಿಬಿದ್ದ ಪಾರ್ಶ್ವ ಸರಪಳಿಗಳು.]

ಪಾಲಿಮರ್‌ನ ಬೆನ್ನೆಲುಬು ಬೆಳಕನ್ನು ಹೀರುತ್ತದೆ; ಅದು ಯಾವುದರಲ್ಲಿ ಕರಗಬೇಕೆಂಬುದನ್ನು ಬಹುಮಟ್ಟಿಗೆ ಪಾರ್ಶ್ವ ಸರಪಳಿಗಳು ತೀರ್ಮಾನಿಸುತ್ತವೆ. ಅಲ್ಲಿ ಗ್ಲೈಕಾಲ್ ಮಾದರಿಯ ಸರಪಳಿ ಜೋಡಿಸಿದರೆ ಪಾಲಿಮರ್ ಎಥನಾಲ್ ಮತ್ತು ನೀರಿನ ಮಿಶ್ರಣದಲ್ಲೂ ಕರಗುವಂತೆ ಮಾಡಬಹುದು. ಕಾರ್ಖಾನೆಗೆ ಅದು ಒಳ್ಳೆಯದು. ಆದರೆ ನೀರನ್ನು ಪ್ರೀತಿಸುವ ಸರಪಳಿ ಗಾಳಿಯ ತೇವವನ್ನೂ ಸೆಳೆಯುತ್ತದೆ. ಜುಲೈನಲ್ಲಿ ಭಾಗಮಂಡಲದ ಯಾವುದಾದರೂ ಮನೆಯ ಅಟ್ಟದಲ್ಲಿ ಬಟ್ಟೆ ಒಣಹಾಕಿದವರಿಗೆ ಆ ತೇವ ಎಂಥದ್ದೆಂದು ಹೇಳಬೇಕಾಗಿಲ್ಲ.

ಇದಕ್ಕೊಂದು ಜಾಣ ಉಪಾಯವಿದೆ: ಮುದ್ರಿಸಿದ ಮೇಲೆ ಬಿಸಿ ಮಾಡಿದರೆ ಕಳಚಿಕೊಳ್ಳುವ ಸರಪಳಿ. ಕಳಚಿದ ನಂತರ ಪದರ ಮತ್ತೆ ಕರಗುವುದಿಲ್ಲ. ತೊಡಕೆಂದರೆ, ಇಂಥ ಹಲವು ಪಾಲಿಮರ್‌ಗಳಿಗೆ 200 ಡಿಗ್ರಿ ಅಥವಾ ಅದಕ್ಕೂ ಮೀರಿದ ಶಾಖ ಬೇಕು. ಕೆಳಗಿರುವ ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್) ಹಾಳೆ 150 ಡಿಗ್ರಿಯ ಆಸುಪಾಸಿನಲ್ಲೇ ಮುದುರತೊಡಗುತ್ತದೆ. ಇನ್ನೊಂದು ದಾರಿ, ಪಾಲಿಮರನ್ನು ನ್ಯಾನೋಕಣಗಳನ್ನಾಗಿಸಿ ನೀರಿನಲ್ಲಿ ತೇಲಿಸಿ ಮುದ್ರಿಸುವುದು. ಇಲ್ಲಿ ಪಾಲಿಮರ್ ನೀರಿನಲ್ಲಿ ಕರಗಬೇಕಾಗಿಯೇ ಇಲ್ಲ. ನನ್ನ ಭರವಸೆ ಈ ದಾರಿಯ ಮೇಲೆ, ದಕ್ಷತೆ ಸದ್ಯ ಹಿಂದಿದ್ದರೂ.

[ದೃಶ್ಯ: ತೋಟದ ಮರಗಳ ನೆರಳಿನಲ್ಲಿ, ಕಾಫಿ ಗಿಡದ ಬುಡದಲ್ಲಿ ಮಣ್ಣಿನ ತೇವ ಅಳೆಯುವ ಸಂವೇದಕ.]

ಹಾಗಾಗಿ ಕೊಡಗಿನಲ್ಲಿ ಪಾಲಿಮರ್ ಸೌರಕೋಶ ಮೊದಲು ಮನೆಯ ಮಾಡಿಗೆ ಏರಬೇಕಾಗಿಲ್ಲ. ಮಂದ ಬೆಳಕಿನಲ್ಲಿ, ಅದರಲ್ಲೂ ಒಳಾಂಗಣದ ಎಲ್‌ಇಡಿ ಬೆಳಕಿನಲ್ಲಿ, ಈ ಕೋಶಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಇಂಥ ಸಂವೇದಕಕ್ಕೆ ಬೇಕಾಗುವ ವಿದ್ಯುತ್ ಅತ್ಯಲ್ಪ, ಸಣ್ಣ ಹಾಳೆಯಾದ್ದರಿಂದ ತೇವ ನುಗ್ಗದಂತೆ ಮುಚ್ಚುವುದೂ ಸುಲಭ. ಒಂದು ಮುಂಗಾರು ಪೂರ್ತಿ ಅದನ್ನು ತೋಟದಲ್ಲೇ ಬಿಟ್ಟು, ಕಾಫಿ ಅರಳಿಸುವ ಹೂಮಳೆಯ ಹೊತ್ತಿಗೆ ಎಷ್ಟು ವಿದ್ಯುತ್ ಉಳಿದಿದೆ ಎಂದು ಅಳೆಯಲಿ. ಪ್ರಯೋಗಾಲಯದ ದಾಖಲೆಗಳು ಹೆಚ್ಚಾಗಿ ಒಂದು ಚದರ ಸೆಂಟಿಮೀಟರ್‌ಗಿಂತ ಚಿಕ್ಕ ಕೋಶದವು. ನಾನು ಕಾಯುತ್ತಿರುವುದು ತೋಟದಲ್ಲಿ ಮಾಡಿದ ಆ ಅಳತೆಗೆ.