ಒಂದೇ ಆರೋಹಣ, ಸುಮಾರು ಮೂವತ್ತು ಸಲ

ಕೇಳುಗರಿಗೆ ನಮಸ್ಕಾರ.

ಇವತ್ತು ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಬಗ್ಗೆ ಮಾತಾಡೋಣ. ಹೆಸರು ಕೇಳದವರೂ ಅವರ ಸಂಗೀತ ಕೇಳಿರಬಹುದು. 'ದಿ ಟ್ರೂಮನ್ ಶೋ' ಸಿನಿಮಾ ನೋಡಿದ್ದೀರಾ? ಅದರಲ್ಲಿ ಅವರ ಸಂಗೀತವಿದೆ. ಒಂದು ದೃಶ್ಯದಲ್ಲಿ ಕೀಬೋರ್ಡ್ ನುಡಿಸುತ್ತಾ ಅವರೇ ಕಾಣಿಸಿಕೊಳ್ಳುತ್ತಾರೆ. 'ಕುಂದುನ್', 'ದಿ ಅವರ್ಸ್' ಸಿನಿಮಾಗಳ ಸಂಗೀತವೂ ಅವರದೇ.

ಗ್ಲಾಸ್ ಮೇಲೆ ಒಂದು ಹಳೆಯ ದೂರಿದೆ. ಹೇಳಿದ್ದನ್ನೇ ಹೇಳುತ್ತಾರೆ, ಅದೇ ನಾಲ್ಕು ಸ್ವರಗಳನ್ನು ಗಂಟೆಗಟ್ಟಲೆ ತಿರುಗಿಸುತ್ತಾರೆ ಅಂತ. ಈ ದೂರು ಪೂರ್ತಿ ಸುಳ್ಳಲ್ಲ. ಆದರೆ ತಾಳ ಹಾಕಿ ಅಭ್ಯಾಸ ಇರುವವರು ಸ್ವಲ್ಪ ಲೆಕ್ಕ ಇಟ್ಟುಕೊಂಡು ಕೇಳಿದರೆ ಅಲ್ಲಿ ಬೇರೆಯೇ ಏನೋ ನಡೆಯುತ್ತಿರುವುದು ತಿಳಿಯುತ್ತದೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ.

ಮೊದಲು ಮನುಷ್ಯನ ಪರಿಚಯ. ಗ್ಲಾಸ್ ಹುಟ್ಟಿದ್ದು 1937ರ ಜನವರಿ 31ರಂದು, ಬಾಲ್ಟಿಮೋರ್ ನಗರದಲ್ಲಿ. ತಾಯಿ ಐಡಾ ಲೈಬ್ರರಿಯನ್. ತಂದೆ ಬೆನ್ ಅವರದು ರೆಕಾರ್ಡ್ ಅಂಗಡಿ. ಅಂಗಡಿಯಲ್ಲಿ ಕೆಲವು ರೆಕಾರ್ಡುಗಳು ಖರ್ಚೇ ಆಗುತ್ತಿರಲಿಲ್ಲ. ಯಾಕೆ ಯಾರೂ ಕೊಳ್ಳುತ್ತಿಲ್ಲ ಎಂದು ತಿಳಿಯಲು ಬೆನ್ ಅವನ್ನು ಮನೆಗೆ ತಂದು ರಾತ್ರಿ ಹಾಕಿ ಕೇಳುತ್ತಿದ್ದರು. ದೋಷ ಹುಡುಕಲು ಕೂತವರು ಕೇಳುತ್ತಾ ಕೇಳುತ್ತಾ ಆ ಸಂಗೀತದ ಅಭಿಮಾನಿಯೇ ಆಗಿಬಿಟ್ಟರು. ಹೀಗೆ ಹುಡುಗನ ಕಿವಿಗೆ ಬಿದ್ದದ್ದು ಊರಿನಲ್ಲಿ ಯಾರಿಗೂ ಬೇಡವಾದ ಹೊಸ ಸಂಗೀತ. ಒಳ್ಳೆಯ ಪಾಠಶಾಲೆ, ಅಲ್ವಾ?

ಹುಡುಗ ಚುರುಕು. ಹದಿನೈದಕ್ಕೇ ಶಿಕಾಗೊ ವಿಶ್ವವಿದ್ಯಾಲಯ ಸೇರಿ ಗಣಿತ, ತತ್ವಶಾಸ್ತ್ರ ಓದಿದ. ಆಮೇಲೆ ನ್ಯೂಯಾರ್ಕಿಗೆ ಹೋಗಿ ಸಂಗೀತ ಕಲಿಯುತ್ತೇನೆ ಎಂದಾಗ ತಾಯಿಗೆ ದಿಗಿಲು. ವಾದ್ಯಗಾರನಾಗಿದ್ದ ಒಬ್ಬ ಮಾವನನ್ನು ನೆನಪಿಸಿ, ನೀನೂ ಅವನ ಹಾಗೆ ಊರೂರು ಅಲೆದು ಹೋಟೆಲುಗಳಲ್ಲೇ ಜೀವನ ಕಳೆಯುತ್ತೀಯ ಎಂದರಂತೆ. ಮಗ ಉಕ್ಕಿನ ಕಾರ್ಖಾನೆಯಲ್ಲಿ ಕೆಲವು ತಿಂಗಳು ದುಡಿದು, ಕಾಸು ಕೂಡಿಸಿಕೊಂಡು ಹೊರಟೇಬಿಟ್ಟ. ಜ್ಯೂಲಿಯರ್ಡ್ ಶಾಲೆಯಲ್ಲಿ ಓದಿದ. 1964ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಪ್ಯಾರಿಸ್ ಸೇರಿದ.

ಅಲ್ಲಿ ಸಿಕ್ಕ ಗುರು ನಾದಿಯಾ ಬುಲಾಂಜೆ. ಇಪ್ಪತ್ತನೇ ಶತಮಾನದ ಎಷ್ಟೋ ಸಂಯೋಜಕರಿಗೆ ಕಲಿಸಿದ, ಶಿಸ್ತಿನ ವಿಷಯದಲ್ಲಿ ಕರುಣೆಯೇ ಇಲ್ಲದ ಹೆಂಗಸು. ಇಪ್ಪತ್ತೇಳು ದಾಟಿದ, ಡಿಗ್ರಿ ಮುಗಿಸಿದ ಗ್ಲಾಸ್ ಅವರನ್ನು ಮತ್ತೆ ಮೊದಲ ಪಾಠಕ್ಕೇ ಕೂರಿಸಿದರು. ನಮ್ಮಲ್ಲಿ ವರ್ಣ ಹಾಡುವವರನ್ನು ಸರಳೆಗೆ ಇಳಿಸಿದ ಹಾಗೆ.

ಅದೇ ಪ್ಯಾರಿಸ್‌ನಲ್ಲಿ ಎರಡನೇ ಗುರುವೂ ಸಿಕ್ಕರು. 'ಚಪ್ಪಾಕ್ವಾ' ಎಂಬ ಸಿನಿಮಾಕ್ಕೆ ಪಂಡಿತ್ ರವಿಶಂಕರ್ ಸಂಗೀತ ಮಾಡುತ್ತಿದ್ದರು. ಅದನ್ನು ಅಲ್ಲಿನ ವಾದ್ಯಗಾರರು ನುಡಿಸಬೇಕಾದರೆ ಪಾಶ್ಚಾತ್ಯ ಲಿಪಿಯಲ್ಲಿ ಬರೆದುಕೊಡಬೇಕು. ಆ ಕೆಲಸ ಗ್ಲಾಸ್ ಪಾಲಿಗೆ ಬಂತು. ರವಿಶಂಕರ್ ಸ್ವರ ಹೇಳುವುದು, ಗ್ಲಾಸ್ ಬರೆಯುವುದು. ತೊಂದರೆ ಶುರುವಾದದ್ದು ತಾಳದಲ್ಲಿ. ಪಾಶ್ಚಾತ್ಯ ಲಿಪಿಯಲ್ಲಿ ಸಮಾನ ಅಂತರಕ್ಕೆ ಒಂದೊಂದು ಗೆರೆ ಎಳೆಯುತ್ತಾರೆ. ಗೆರೆ ದಾಟಿದ ಕೂಡಲೇ ಬರುವ ಸ್ವರಕ್ಕೆ ವಾದ್ಯಗಾರರು ತಾವಾಗಿಯೇ ಒತ್ತು ಕೊಡುತ್ತಾರೆ. ನುಡಿಸಿದಾಗೆಲ್ಲ ತಬಲಾ ವಾದಕ ಉಸ್ತಾದ್ ಅಲ್ಲಾ ರಖಾ ತಲೆ ಅಲ್ಲಾಡಿಸುತ್ತಿದ್ದರು: ಒತ್ತು ತಪ್ಪು, ಸ್ವರಗಳೆಲ್ಲ ಸಮ. ಗ್ಲಾಸ್ ಗೆರೆಯನ್ನು ಆ ಕಡೆ ಈ ಕಡೆ ಸರಿಸಿ ನೋಡಿದರು. ಪ್ರಯೋಜನ ಆಗಲಿಲ್ಲ. ಕೊನೆಗೆ ರೇಗಿ ಎಲ್ಲ ಗೆರೆಗಳನ್ನೂ ಅಳಿಸಿಬಿಟ್ಟರು. ಆಗ ಕಾಗದದ ಮೇಲೆ ಎರಡು ಮೂರರ ಗುಂಪುಗಳು ಒಂದರ ಹಿಂದೆ ಒಂದು ಸಾಗುತ್ತಿರುವುದು ಕಂಡಿತು. ಇದು ಅವರೇ ಬರೆದುಕೊಂಡಿರುವ ಪ್ರಸಂಗ. ಮುಂದೆ ನ್ಯೂಯಾರ್ಕಿನಲ್ಲಿ ಅಲ್ಲಾ ರಖಾ ಅವರ ಹತ್ತಿರ ತಬಲಾ ಪಾಠವನ್ನೂ ಹೇಳಿಸಿಕೊಂಡರು.

ಈಗ ಆ ಲೆಕ್ಕಕ್ಕೆ ಬರೋಣ. 1968ರಲ್ಲಿ ಗ್ಲಾಸ್ 'ಒನ್ ಪ್ಲಸ್ ಒನ್' ಎಂಬ ಕೃತಿ ಬರೆದರು. ವಾದ್ಯ ಯಾವುದು ಗೊತ್ತಾ? ಮೇಜು. ಮೈಕ್ ಅಂಟಿಸಿದ ಮೇಜಿನ ಹಲಗೆಯನ್ನು ಒಬ್ಬರು ಬೆರಳಿನಿಂದ ಬಡಿಯಬೇಕು, ಅಷ್ಟೇ. ಎರಡು ಸಣ್ಣ ನಡೆಗಳು. ಅವನ್ನು ಕೂಡಿಸುತ್ತಾ ಕಳೆಯುತ್ತಾ ಹೋಗಬೇಕು. ಅದರ ತತ್ವವನ್ನು ನಮ್ಮ ಜತಿಯಲ್ಲಿ ಹೇಳುವುದಾದರೆ ಹೀಗೆ:

ತಕ ತಕಿಟ.
ತಕ ತಕ ತಕಿಟ.
ತಕ ತಕ ತಕ ತಕಿಟ.

ಐದು, ಏಳು, ಒಂಬತ್ತು. ಕಿವಿ ಕೊಡದವರಿಗೆ ಮೂರೂ ಒಂದೇ. ಎಣಿಸುವವರಿಗೆ ಪ್ರತಿ ಸಲವೂ ನೆಲ ಸ್ವಲ್ಪ ಸರಿಯುತ್ತದೆ. ಮೃದಂಗ ಬಲ್ಲವರು ಇದು ಸ್ರೋತೋವಹ ಯತಿ, ಅಂದರೆ ಹೊಳೆಯಂತೆ ಹೋಗ್ತಾ ಹೋಗ್ತಾ ಅಗಲವಾಗುವ ಲೆಕ್ಕ, ಅಲ್ಲವೇ ಎನ್ನಬಹುದು. ಹತ್ತಿರ ಇದೆ, ಆದರೆ ಅದೇ ಅಲ್ಲ. ನಮ್ಮಲ್ಲಿ ಯತಿ ಎಷ್ಟು ಬೆಳೆದರೂ ತಾಳದ ಆವರ್ತ, ಅಂದರೆ ಅದರ ಒಂದು ಸುತ್ತು, ಅಲ್ಲಾಡುವುದಿಲ್ಲ. ಕೊನೆಗೆ ಲೆಕ್ಕ ಸಮಕ್ಕೋ (ಸುತ್ತಿನ ಮೊದಲ ಪೆಟ್ಟು) ಎಡುಪಿಗೋ (ಹಾಡು ಎತ್ತಿಕೊಳ್ಳುವ ಜಾಗ) ಬಂದು ಮುಟ್ಟಬೇಕು. ಗ್ಲಾಸ್ ಅವರ ಆ ಕಾಲದ ಕೃತಿಗಳಲ್ಲಿ ಆವರ್ತವೇ ಬೆಳೆಯುತ್ತದೆ. ಬಂದು ಮುಟ್ಟಲು ಸಮ ಎಂಬುದೇ ಇಲ್ಲ. ಗ್ಲಾಸ್ ನಮ್ಮ ತಾಳವನ್ನು ಕಲಿತು ಬರೆದರು ಎನ್ನುವವರಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ಅವರು ಒಂದು ಎಳೆಯನ್ನು ಮಾತ್ರ ತೆಗೆದುಕೊಂಡರು. ಅದನ್ನು ಎಳೆದುಕೊಂಡು ಹೋದದ್ದು ನಾವು ಹೋಗದ ಕಡೆಗೆ. ಅದರಲ್ಲಿ ತಪ್ಪೇನೂ ಇಲ್ಲ.

1967ರಲ್ಲಿ ನ್ಯೂಯಾರ್ಕಿಗೆ ಮರಳಿ ತಮ್ಮದೇ ತಂಡ ಕಟ್ಟಿದರು. ಎಲೆಕ್ಟ್ರಿಕ್ ಆರ್ಗನ್, ಸ್ಯಾಕ್ಸೊಫೋನ್, ದೊಡ್ಡ ಸ್ಪೀಕರುಗಳು. ಕಛೇರಿ ನಡೆಯುತ್ತಿದ್ದದ್ದು ಚಿತ್ರಶಾಲೆಗಳಲ್ಲಿ, ಗೋದಾಮಿನಂಥ ಮಹಡಿ ಮನೆಗಳಲ್ಲಿ. ಕೇಳುವವರು ನೆಲದ ಮೇಲೇ ಕೂರುತ್ತಿದ್ದರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಒಬ್ಬ ಸಿಟ್ಟಿಗೆದ್ದು ವೇದಿಕೆ ಹತ್ತಿ ಕೀಬೋರ್ಡನ್ನು ಗುದ್ದತೊಡಗಿದ. ಗ್ಲಾಸ್ ಒಂದು ಕೈಯಲ್ಲಿ ನುಡಿಸುತ್ತಲೇ ಇನ್ನೊಂದು ಕೈಯಲ್ಲಿ ಅವನಿಗೊಂದು ಬಿಟ್ಟರು. ಲಯ ತಪ್ಪಲಿಲ್ಲವಂತೆ.

ಇದರಿಂದ ಹೊಟ್ಟೆ ತುಂಬಬೇಕಲ್ಲ? ಸಾಮಾನು ಸಾಗಿಸುವ ಕೆಲಸ, ಪ್ಲಂಬರ್ ಕೆಲಸ, ಟ್ಯಾಕ್ಸಿ ಎಲ್ಲ ಮಾಡಿದರು. ಒಮ್ಮೆ ಒಂದು ಮನೆಯಲ್ಲಿ ಪಾತ್ರೆ ತೊಳೆಯುವ ಮಷೀನು ಜೋಡಿಸುತ್ತಿದ್ದಾಗ ಮನೆಯ ಯಜಮಾನ ಬಂದು ನೋಡಿ ದಂಗಾದರು. ಅವರು 'ಟೈಮ್' ಪತ್ರಿಕೆಯ ಕಲಾ ವಿಮರ್ಶಕ ರಾಬರ್ಟ್ ಹ್ಯೂಸ್. ನೀವು ಕಲಾವಿದರು, ಇಲ್ಲೇನು ಮಾಡುತ್ತಿದ್ದೀರಿ ಎಂದು ಕೇಳಿದರಂತೆ. ಕಲಾವಿದನೂ ಹೌದು, ಒಮ್ಮೊಮ್ಮೆ ಪ್ಲಂಬರೂ ಹೌದು, ಸ್ವಲ್ಪ ಆ ಕಡೆ ಹೋದರೆ ಕೆಲಸ ಮುಗಿಸುತ್ತೇನೆ ಎಂದರಂತೆ ಗ್ಲಾಸ್.

1976ರಲ್ಲಿ ರಂಗನಿರ್ದೇಶಕ ರಾಬರ್ಟ್ ವಿಲ್ಸನ್ ಜೊತೆ ಮಾಡಿದ 'ಐನ್‌ಸ್ಟೈನ್ ಆನ್ ದಿ ಬೀಚ್' ಅವರಿಗೆ ದೊಡ್ಡ ಹೆಸರು ತಂದಿತು. ಸುಮಾರು ಐದು ಗಂಟೆಯ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ವಿರಾಮವೇ ಇಲ್ಲ. ನಮ್ಮ ಬಯಲಾಟದಲ್ಲಿ ನಡೆಯುವಂತೆ ಪ್ರೇಕ್ಷಕರು ಎದ್ದು ಹೋಗಿ ಬರಬಹುದು. ಕಥೆಯೂ ಇಲ್ಲ. ಗಾಯಕರು ಬಹುಪಾಲು ಹಾಡುವುದು ಒಂದು, ಎರಡು, ಮೂರು ಎಂಬ ಅಂಕಿಗಳನ್ನು ಮತ್ತು 'ದೋ ರೇ ಮಿ'ಗಳನ್ನು, ಅಂದರೆ ಅವರ ಸ ರಿ ಗಗಳನ್ನು. ಕಲಿಯಲು ಇಟ್ಟುಕೊಂಡಿದ್ದ ಎಣಿಕೆ ಹಾಗೇ ಸಾಹಿತ್ಯವಾಗಿ ಉಳಿಯಿತು. ಇದನ್ನು ಕೇಳಿ ಅಮೆರಿಕದವರು ಬೆರಗಾದರು. ಕಛೇರಿಯಲ್ಲಿ ಸ ರಿ ಗ ಗಳನ್ನೇ ಹಾಡುವ ಕಲ್ಪನಾಸ್ವರ ಕೇಳಿ ಬೆಳೆದ ನಮಗೆ ಅದರಲ್ಲೇನೂ ವಿಚಿತ್ರ ಅನ್ನಿಸುವುದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಮಂದಿರ ತುಂಬಿತು. ಸಾಲವೂ ಏರಿತು. ಗ್ಲಾಸ್ ಮತ್ತೆ ಟ್ಯಾಕ್ಸಿ ಹತ್ತಿದರು.

ಟ್ಯಾಕ್ಸಿ ಬಿಡಿಸಿದ್ದು ಡಚ್ ಊರು ರಾಟರ್‌ಡ್ಯಾಮ್. ಅಲ್ಲಿಂದ ಒಂದು ಒಪೆರಾ ಬರೆದುಕೊಡಿ ಎಂಬ ಕೋರಿಕೆ ಬಂತು. ಹಾಗೆ ಹುಟ್ಟಿದ್ದು 'ಸತ್ಯಾಗ್ರಹ'. ಮೊದಲ ಪ್ರದರ್ಶನ 1980ರಲ್ಲಿ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೃತಿ ಇದೇ.

ಕಥಾವಸ್ತು ದಕ್ಷಿಣ ಆಫ್ರಿಕದಲ್ಲಿದ್ದ ಕಾಲದ ಗಾಂಧಿ. ಟಾಲ್‌ಸ್ಟಾಯ್ ಫಾರ್ಮ್, 'ಇಂಡಿಯನ್ ಒಪೀನಿಯನ್' ಪತ್ರಿಕೆ, ನೋಂದಣಿ ಪತ್ರಗಳನ್ನು ಸುಟ್ಟದ್ದು, ನ್ಯೂಕ್ಯಾಸಲ್ ಮೆರವಣಿಗೆ, ಡರ್ಬನ್ನಿನಲ್ಲಿ ಗುಂಪು ಮೇಲೆ ಬಿದ್ದಾಗ ಪೊಲೀಸ್ ಅಧಿಕಾರಿಯ ಹೆಂಡತಿ ಕೊಡೆ ಬಿಚ್ಚಿ ಅಡ್ಡ ನಿಂತದ್ದು. ಮೂರು ಅಂಕಗಳಿಗೆ ಮೂವರು ಮೌನ ಸಾಕ್ಷಿಗಳು: ಟಾಲ್‌ಸ್ಟಾಯ್, ಟಾಗೋರ್, ಮಾರ್ಟಿನ್ ಲೂಥರ್ ಕಿಂಗ್. ಹಾಡುವ ಮಾತೆಲ್ಲ ಸಂಸ್ಕೃತ, ಎಲ್ಲವೂ ಭಗವದ್ಗೀತೆಯದು. ಶ್ಲೋಕಗಳನ್ನು ಆರಿಸಿ ಜೋಡಿಸಿದವರು ಲೇಖಕಿ ಕಾನ್‌ಸ್ಟನ್ಸ್ ಡಿಜಾಂಗ್. ವಾದ್ಯಗಳು ತಂತಿ, ಮರದ ಕೊಳವೆ ವಾದ್ಯ ಮತ್ತು ಆರ್ಗನ್ ಮಾತ್ರ. ಕಹಳೆ ಇಲ್ಲ, ಡೋಲು ಇಲ್ಲ. ಗಾಂಧಿಯ ಕಥೆಗೆ ಇದು ಸರಿಯಾದ ಆಯ್ಕೆ ಅನ್ನಿಸುತ್ತದೆ.

ಕೊನೆಯ ದೃಶ್ಯದಲ್ಲಿ ಗಾಂಧಿ ಹಾಡುವುದು 'ಬಹೂನಿ ಮೇ ವ್ಯತೀತಾನಿ ಜನ್ಮಾನಿ ತವ ಚಾರ್ಜುನ'. ರಾಗ ಏನು ಗೊತ್ತಾ? ಬರೀ ಆರೋಹಣ. ಪಾಶ್ಚಾತ್ಯರು ಫ್ರಿಜಿಯನ್ ಎನ್ನುವ ಸ್ವರಶ್ರೇಣಿ. ನಮ್ಮ ಲೆಕ್ಕದಲ್ಲಿ ಹನುಮತೋಡಿಯ ಸ್ವರಗಳು. ಸ ರಿ ಗ ಮ ಪ ದ ನಿ ಸ. ಗಮಕ, ಅಂದರೆ ಸ್ವರದ ಓಲಾಟ, ಇಲ್ಲ, ಆದ್ದರಿಂದ ತೋಡಿ ಎನ್ನುವ ಹಾಗಿಲ್ಲ. ಸುಮಾರು ಮೂವತ್ತು ಸಲ ಅದೇ ಮೆಟ್ಟಿಲು. ಕೆಳಗೆ ವಾದ್ಯಗಳು ಮಾತ್ರ ಬದಲಾಗುತ್ತಿರುತ್ತವೆ. ಅದೇ ಎಂಟು ಸ್ವರ ಒಮ್ಮೆ ದುಃಖದಂತೆ, ಒಮ್ಮೆ ನೆಮ್ಮದಿಯಂತೆ ಕೇಳುತ್ತದೆ. ಇದನ್ನು ಹೇಳಿದ್ದನ್ನೇ ಹೇಳುವುದು ಎನ್ನಲಾಗುತ್ತದೆಯೇ?

ಒಂದು ತಕರಾರು ನನಗೂ ಇದೆ. ಅಕ್ಷರಗಳನ್ನು ಎಷ್ಟು ಎಳೆಯುತ್ತಾರೆಂದರೆ ಗೀತೆ ಬಾಯಿಪಾಠ ಇದ್ದವರಿಗೂ ಶ್ಲೋಕ ಗುರುತು ಸಿಗುವುದು ಕಷ್ಟ. ಪುಸ್ತಕ ಎದುರಿಗಿಟ್ಟುಕೊಂಡು ಕೇಳಿ. ನಾಲ್ಕನೇ ಅಧ್ಯಾಯ, ಐದನೇ ಶ್ಲೋಕದಿಂದ.

2011ರ ಡಿಸೆಂಬರಿನಲ್ಲಿ ಇದೇ ಒಪೆರಾ ಮೆಟ್ರೊಪಾಲಿಟನ್‌ನಲ್ಲಿ ನಡೆಯುತ್ತಿತ್ತು. ಹೊರಗೆ ವಾಲ್ ಸ್ಟ್ರೀಟ್ ವಿರುದ್ಧದ ಪ್ರತಿಭಟನಾಕಾರರು ಸೇರಿದ್ದರು. ಒಳಗೆ ಸತ್ಯಾಗ್ರಹದ ಹಾಡು, ಹೊರಗೆ ಪೊಲೀಸರ ಅಡ್ಡಗಟ್ಟೆ. ಗ್ಲಾಸ್ ಹೊರಬಂದು 'ಯದಾ ಯದಾ ಹಿ ಧರ್ಮಸ್ಯ' ಶ್ಲೋಕದ ಇಂಗ್ಲಿಷ್ ಸಾಲುಗಳನ್ನು ಹೇಳಿದರು. ಗುಂಪು ಒಂದೊಂದು ಸಾಲನ್ನೂ ಜೋರಾಗಿ ತಿರುಗಿ ಹೇಳಿತು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. 1984ರಲ್ಲಿ 'ಅಖ್ನಾತನ್' ಒಪೆರಾ. 1990ರಲ್ಲಿ ರವಿಶಂಕರ್ ಜೊತೆ 'ಪ್ಯಾಸೇಜಸ್'. ಒಬ್ಬರು ಕೊಟ್ಟ ಸ್ವರಗಳನ್ನು ಇನ್ನೊಬ್ಬರು ಬೆಳೆಸಿದ ಆಲ್ಬಂ. ಒಂದು ಡಜನ್ನಿಗೂ ಜಾಸ್ತಿ ಸಿಂಫನಿಗಳು. ಮೂರು ಸಲ ಆಸ್ಕರ್ ನಾಮನಿರ್ದೇಶನ, ಬಹುಮಾನ ಮಾತ್ರ ಬರಲಿಲ್ಲ. ಇಷ್ಟು ಬರೆದಾಗ ಎಲ್ಲವೂ ಒಂದೇ ಮಟ್ಟದಲ್ಲಿರುವುದಿಲ್ಲ. ಸಿನಿಮಾ ಸಂಗೀತದಲ್ಲಿ ಕೆಲವು ಕಡೆ ಅವರು ತಮ್ಮನ್ನೇ ನಕಲು ಮಾಡಿಕೊಂಡಂತಿದೆ. ಆ ಹಳೆಯ ದೂರು ಅಲ್ಲಿ ಸರಿಯಾಗಿಯೇ ಅನ್ವಯಿಸುತ್ತದೆ.

ಎಲ್ಲಿಂದ ಶುರು ಮಾಡಬೇಕು ಅಂತೀರಾ? 1982ರ 'ಗ್ಲಾಸ್‌ವರ್ಕ್ಸ್' ಆಲ್ಬಂ ಹಾಕಿ. ಮೊದಲನೆಯದು ಪಿಯಾನೊ ತುಣುಕು, ಹೆಸರು 'ಓಪನಿಂಗ್'. ಒಂದು ಕೈ ಎರಡರ ನಡೆ, ಇನ್ನೊಂದು ಕೈ ಅದೇ ಕಾಲಕ್ಕೆ ಮೂರರ ನಡೆ. ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿ. ಹಿಡಿಸಿದರೆ 'ಸತ್ಯಾಗ್ರಹ'ದ ಕೊನೆಯ ದೃಶ್ಯಕ್ಕೆ ಹೋಗಿ. ಐನ್‌ಸ್ಟೈನ್ ಆಮೇಲಿರಲಿ, ಅದಕ್ಕೆ ಒಂದು ಭಾನುವಾರ ಪೂರ್ತಿ ಬೇಕು.

ನಮಸ್ಕಾರ.